ದಾನವೂ ಪಾಲನೆಯೂ

ನಮ್ಮ ನಾಡಿನ ಶಿಲಾಶಾಸನಗಳಲ್ಲಿ ಮೊದಲು ಕಣ್ಣಿಗೆ ಬೀಳುವುದು ಅರಸರ ವಂಶಾವಳಿ, ಬಿರುದಾವಳಿಗಳೇ ಆದರೂ, ಆ ಪ್ರಶಸ್ತಿಭಾಗವನ್ನು ದಾಟಿ, ಕಲ್ಲನ್ನು ನಿಲ್ಲಿಸಿದ ಪ್ರಯೋಜನವೇನೆಂದು ವಿಚಾರಿಸಿದರೆ, ಬಹುಮಟ್ಟಿಗೆ ಅಲ್ಲಿ ದೊರೆಯುವುದು ದಾನದ ವಾರ್ತೆ. ಒಬ್ಬ ಗಾವುಂಡನು ಕೆರೆಯನ್ನು ಕಟ್ಟಿಸಿದನು. ಒಬ್ಬ ಸೆಟ್ಟಿಯು ನಂದಾದೀವಿಗೆಗೆ ಎಣ್ಣೆಯನ್ನು ಬಿಟ್ಟನು. ದಂಡನಾಯಕನೊಬ್ಬನ ಪತ್ನಿಯು ಸತ್ರಕ್ಕೆಂದು ಗದ್ದೆಯನ್ನು ಧಾರೆಯೆರೆದಳು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂದು ಪ್ರಸಿದ್ಧಳಾದ ಅತ್ತಿಮಬ್ಬೆಯನ್ನು ನೆನೆದರೆ, ಅನ್ನ ನೀರುಗಳಿಂದ ಮೊದಲುಗೊಂಡು ಗ್ರಂಥದವರೆಗೆ ಹಬ್ಬಿದ್ದ ಆ ಔದಾರ್ಯದ ವಿಸ್ತಾರವು ಅರಿವಾಗುತ್ತದೆ. ದೀನರನ್ನೂ ದಾರಿಗರನ್ನೂ ಪೋಷಿಸುವ ಹೊಣೆ ವ್ಯಕ್ತಿಯದೋ ಪ್ರಭುತ್ವದ್ದೋ ಎಂದು ಇಂದು ಎರಡು ಪಕ್ಷ ಕಟ್ಟಿಕೊಂಡು ವಾದಿಸುವಾಗ, ಹಿಂದೆ ಎಲ್ಲವನ್ನೂ ದಾನಿಗಳೇ ಮಾಡುತ್ತಿದ್ದರು, ಸರ್ಕಾರವು ನಡುವೆ ಬಂದು ಜನರ ಧರ್ಮಬುದ್ಧಿಯನ್ನು ಕೆಡಿಸಿತು ಎನ್ನುವವರು ಈ ಕಲ್ಲುಗಳನ್ನೇ ಸಾಕ್ಷಿಗೆ ಕರೆಯುವುದುಂಟು. ಆದರೆ ಅವನ್ನು ಕೊನೆಯ ಪಂಕ್ತಿಯವರೆಗೆ ಓದಿದವರಿಗೆ ಕಾಣುವ ಏರ್ಪಾಡೇ ಬೇರೆ.

ಕೆರೆಯೊಂದರ ಕಥೆಯನ್ನೇ ತೆಗೆದುಕೊಳ್ಳೋಣ. ಏರಿಯನ್ನು ಹಾಕಿ, ತೂಬನ್ನು ಇರಿಸಿ, ಕೋಡಿಯನ್ನು ಕಟ್ಟಿದ ಮಾತ್ರಕ್ಕೆ ಕೆರೆಯ ಕೆಲಸ ಮುಗಿಯುವುದಿಲ್ಲ. ಪ್ರತಿಯೊಂದು ಮಳೆಗಾಲವೂ ನೀರಿನೊಡನೆ ಹೂಳನ್ನು ತರುತ್ತದೆ, ಏರಿಯ ಮಣ್ಣನ್ನು ಕೊರೆಯುತ್ತದೆ, ತೂಬಿನ ಕಲ್ಲನ್ನು ಸಡಿಲಿಸುತ್ತದೆ. ಕಟ್ಟಿಸುವುದು ಒಬ್ಬನ ಪುಣ್ಯದಿಂದ ಒಂದೆರಡು ವರ್ಷಗಳಲ್ಲಿ ಆಗಿಹೋಗಬಹುದಾದರೂ, ಉಳಿಸುವುದು ತಲೆಮಾರುಗಳ ಕೆಲಸ. ಇದನ್ನು ನಮ್ಮ ಪೂರ್ವಿಕರು ಬಲ್ಲವರಾಗಿದ್ದರು. ಆದುದರಿಂದಲೇ ಕೆರೆಯನ್ನು ಕಟ್ಟಿಸಿದವನಿಗೆ ಅದರ ಕೆಳಗಣ ಗದ್ದೆಯಲ್ಲಿ ಒಂದು ಭಾಗವನ್ನು ಕಟ್ಟುಗೊಡಗೆಯಾಗಿಯೋ, ಹತ್ತರಲ್ಲೊಂದು ಪಾಲನ್ನು ದಶವಂದವಾಗಿಯೋ ಕೊಟ್ಟರು; ಅದಲ್ಲದೆ ಕೆರೆಯ ಜೀರ್ಣೋದ್ಧಾರಕ್ಕೆಂದೇ ಬಿತ್ತುವಟ್ಟವೆಂಬ ಮೀಸಲು ಪಾಲನ್ನು ಗೊತ್ತುಮಾಡಿದರು. ಹೂಳನ್ನು ಎತ್ತಿ ಸಾಗಿಸುವ ಬಂಡಿ, ಬಂಡಿಗೆ ಹೂಡುವ ಕೋಣ, ಕೋಣವನ್ನು ಹೊಡೆಯುವ ಆಳು, ಇವರೆಲ್ಲರ ಗ್ರಾಸಕ್ಕೂ ದಾರಿ ಮಾಡಿಟ್ಟ ಶಾಸನಗಳಿವೆ. ಈ ವ್ಯವಸ್ಥೆಯಲ್ಲಿ ದಾನಿಯ ಹಣವು ಎಷ್ಟು ಇದೆಯೋ, ಅರಸನು ಬಿಟ್ಟುಕೊಟ್ಟ ತೆರಿಗೆಯೂ ಅಷ್ಟೇ ಇದೆ. ಸರ್ವಮಾನ್ಯವೆಂದು ಭೂಮಿಯನ್ನು ಬಿಟ್ಟರೆ ರಾಜಭಂಡಾರಕ್ಕೆ ಬರಬೇಕಾದ ಆದಾಯವು ಬಾರದೆ ಹೋಗುತ್ತದೆಯಷ್ಟೆ. ಬೊಕ್ಕಸದಿಂದ ಹಣವನ್ನು ಎಣಿಸಿ ಕೊಡುವುದಕ್ಕೂ, ಬೊಕ್ಕಸಕ್ಕೆ ಬರುವ ಹಣವನ್ನು ಬಾಗಿಲಿನಲ್ಲಿಯೇ ಬಿಟ್ಟುಕೊಡುವುದಕ್ಕೂ ಫಲದಲ್ಲಿ ಭೇದವಿಲ್ಲ. ವ್ಯಕ್ತಿಯ ದಾನವೆಂದು ನಾವು ಕೊಂಡಾಡುವ ಕೆರೆಯಲ್ಲಿ ಪ್ರಭುತ್ವದ ಪಾಲೂ, ಏರಿಗೆ ಮಣ್ಣು ಹೊತ್ತ ಊರವರ ಪಾಲೂ ಬೆರೆತೇ ಇದ್ದುವು.

ಈ ಹೊಣೆಗಾರಿಕೆಯ ಸೂಕ್ಷ್ಮವನ್ನು ಬಲ್ಲವರೊಬ್ಬರು ಬರೆಯಿಸಿದ ಶಾಸನವು ಇಂದಿನ ಆಂಧ್ರದ ಕಡಪ ಜಿಲ್ಲೆಗೆ ಸೇರಿದ ಪೋರುಮಾಮಿಳ್ಳದಲ್ಲಿದೆ. ವಿಜಯನಗರದ ಒಂದನೆಯ ಬುಕ್ಕರಾಯನ ಮಗನಾದ ಭಾಸ್ಕರ ಭವದೂರನು 1369ರಲ್ಲಿ ಅಲ್ಲಿ ಹಿರಿದಾದ ಕೆರೆಯೊಂದನ್ನು ಕಟ್ಟಿಸಿ, ದಿನವೊಂದಕ್ಕೆ ಸಾವಿರ ಆಳುಗಳೂ ನೂರು ಬಂಡಿಗಳೂ ಎರಡು ವರ್ಷ ದುಡಿದುದನ್ನು ದಾಖಲಿಸುವುದಲ್ಲದೆ, ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ವರ್ಜಿಸಬೇಕಾದ ಆರು ದೋಷಗಳನ್ನೂ ಶಾಸ್ತ್ರೋಕ್ತವಾಗಿ ಹೇಳಿಸಿದ್ದಾನೆ. ಧರ್ಮಿಷ್ಠನೂ ಧನವಂತನೂ ಆದ ಅರಸ, ಜಲಶಾಸ್ತ್ರವನ್ನು ಬಲ್ಲ ವಿದ್ವಾಂಸ, ಗಟ್ಟಿಯಾದ ನೆಲ, ಸಿಹಿನೀರಿನ ಹೊಳೆ, ಬಳಿಯಲ್ಲೇ ಕಲ್ಲಿನ ಗಣಿ, ಕೆಲಸದಲ್ಲಿ ನಿಪುಣರಾದ ಜನ: ಇವು ಅಂಗಗಳೊಳಗೆ ಸೇರಿವೆ. ದೋಷಗಳಲ್ಲಿ ಏರಿಯಿಂದ ನೀರು ಜಿನುಗುವುದು, ಚೌಳುಭೂಮಿ, ನೀರು ಸ್ವಲ್ಪವಿದ್ದು ಹರವು ಹೆಚ್ಚಾಗಿರುವುದು ಮೊದಲಾದುವೆಲ್ಲ ನೆಲಕ್ಕೂ ನೀರಿಗೂ ಸಂಬಂಧಪಟ್ಟವು; ಒಂದು ದೋಷ ಮಾತ್ರ ಹಾಗಲ್ಲ. ಎರಡು ರಾಜ್ಯಗಳ ಗಡಿಯಲ್ಲಿ ಕೆರೆಯನ್ನು ಕಟ್ಟಬಾರದಂತೆ. ನೆಲವು ಎಷ್ಟೇ ಸೊಗಸಾಗಿದ್ದರೂ, ನೀರು ಎಷ್ಟೇ ಸಮೃದ್ಧವಾಗಿದ್ದರೂ, ಇದನ್ನು ಕಾಯಬೇಕಾದ ಪ್ರಭು ಯಾರೆಂಬುದು ನಿಶ್ಚಯವಾಗಿಲ್ಲದ ಎಡೆಯಲ್ಲಿ ದಾನಿಯ ದ್ರವ್ಯವು ವ್ಯರ್ಥವಾಗುವುದೆಂಬ ಲೋಕಾನುಭವವನ್ನು ನಾನು ಈ ಮಾತಿನಲ್ಲಿ ಕಾಣುತ್ತೇನೆ. ದಾನವು ವ್ಯಕ್ತಿಯದಾದರೂ ಅದರ ಆಯುಷ್ಯವು ರಾಜ್ಯದ ಕೈಯಲ್ಲಿದೆಯೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಹಳೆಯ ಮಾತು ನನಗೆ ತಿಳಿದಿಲ್ಲ.

ಶಾಸನಗಳ ಕೊನೆಯಲ್ಲಿ ಬರುವ ಶಾಪಾಶಯಗಳನ್ನು, ಈ ಧರ್ಮವನ್ನು ಕೆಡಿಸಿದವನು ಕಾಶಿಯಲ್ಲಿ ಗೋವುಗಳನ್ನು ಕೊಂದ ಪಾಪಕ್ಕೆ ಹೋಗುವನು, ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುವನು ಎಂಬ ಮಾತುಗಳನ್ನು, ಸಂಪ್ರದಾಯದ ಸವಕಲು ವಾಕ್ಯಗಳೆಂದು ಓದಿ ಬಿಡುವುದು ವಾಡಿಕೆ. ಆದರೆ ಅವುಗಳ ಜತೆಯಲ್ಲೇ ಬರುವ ಇನ್ನೊಂದು ವಿಚಾರವು ನಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದುದು: ಕೊಡುವುದು, ಕೊಟ್ಟುದನ್ನು ಕಾಪಾಡುವುದು, ಇವೆರಡರಲ್ಲಿ ಕಾಪಾಡುವುದೇ ಶ್ರೇಷ್ಠವೆಂದು, ದಾನದಿಂದ ಸ್ವರ್ಗವೂ ಪಾಲನೆಯಿಂದ ಅಚ್ಯುತಪದವೂ ಲಭಿಸುವುವೆಂದು, ಮುಂದೆ ಬರುವ ಅರಸರಿಗೆ ಅಲ್ಲಿ ನಿವೇದಿಸಲಾಗಿದೆ. ಅರಸರು ಬದಲಾಗಬಹುದು, ವಂಶಗಳು ಅಳಿಯಬಹುದು. ಹಿಂದಿನವನು ಶತ್ರುವೇ ಆಗಿದ್ದರೂ ಅವನ ಕಾಲದ ಧರ್ಮವನ್ನು ನಡೆಸಿಕೊಂಡು ಬರುವುದು ಮುಂದಿನವನ ಕರ್ತವ್ಯವೆಂಬ ಈ ಭಾವನೆಯನ್ನು ನಾನು ನಮ್ಮ ರಾಜನೀತಿಯ ಅತ್ಯಂತ ಗಂಭೀರವಾದ ಸಿದ್ಧಿಗಳಲ್ಲಿ ಒಂದೆಂದು ಎಣಿಸುತ್ತೇನೆ.

ಹಾಗೆಂದು ಆ ಕಾಲವನ್ನು ಕೃತಯುಗವೆಂದು ಭ್ರಮಿಸಬೇಕಾಗಿಲ್ಲ. ದಾನವು ಪಾತ್ರವನ್ನು ನೋಡಿ ಹರಿಯುತ್ತಿತ್ತು, ಮತ್ತು ಪಾತ್ರತೆಯನ್ನು ಬಹುವೇಳೆ ಹುಟ್ಟೇ ನಿರ್ಣಯಿಸುತ್ತಿತ್ತು. ಅಗ್ರಹಾರಕ್ಕೂ ಮಠಕ್ಕೂ ದೇಗುಲಕ್ಕೂ ಧಾರಾಳವಾಗಿ ಹರಿದ ಸಂಪತ್ತು, ಊರ ಹೊರಗಣ ಕೇರಿಗೆ ಹರಿದುದು ಬಹು ಸ್ವಲ್ಪ. ಕೆರೆಯ ಏರಿಗೆ ಬುಟ್ಟಿ ಹೊತ್ತವರಲ್ಲಿಯೇ ಕೆಲವರಿಗೆ ಊರಬಾವಿಯ ನೀರು ಸೇದುವ ಹಕ್ಕಿರಲಿಲ್ಲ. ಪುಣ್ಯವನ್ನು ಬಯಸಿ ಕೊಡುವವನಿಗೆ ಕೊಡುವ ಎಡೆಯನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವಿದೆ. ಹಸಿದವನಿಗೆ ಹಸಿವೆಯನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವಿಲ್ಲ. ಸಾಲಾಗಿ ಮಳೆ ತಪ್ಪಿದಾಗ ದಾನಿಯ ಕಣಜವೂ ಬರಿದಾಗುತ್ತಿತ್ತು. 1791-92ರ ಕ್ಷಾಮವನ್ನು ಉತ್ತರ ಕರ್ನಾಟಕದ ಜನ ಡೋಗಿ ಬರವೆಂದು, ಎಂದರೆ ತಲೆಬುರುಡೆಗಳ ಬರವೆಂದು ನೆನಪಿನಲ್ಲಿಟ್ಟುಕೊಂಡರು. ಸತ್ತವರನ್ನು ಹೂಳುವವರಿಲ್ಲದೆ ಬುರುಡೆಗಳು ನೆಲದ ಮೇಲೆ ಚೆಲ್ಲಿದ್ದುವೆಂಬ ಆ ಸ್ಮರಣೆಯ ಮುಂದೆ, ನಮ್ಮ ಸತ್ರಗಳ ವೈಭವವನ್ನು ವರ್ಣಿಸುವಾಗ ಮಾತನ್ನು ಸ್ವಲ್ಪ ಹಿಡಿದು ಆಡಬೇಕಾಗುತ್ತದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಹಳೆಯ ಕಟ್ಟು ಸಡಿಲಿತು. ಟಿಪ್ಪುವಿನ ಕಾಲದಲ್ಲಿಯೇ ಅನೇಕ ಇನಾಮುಗಳು ಸರ್ಕಾರಕ್ಕೆ ಸೇರಿದ್ದುವು. 1831ರಿಂದ ಬ್ರಿಟಿಷ್ ಕಮಿಷನರುಗಳ ಕೈಗೆ ಬಂದ ಮೈಸೂರಿನಲ್ಲಿ ಮರಾಮತ್ತು ಇಲಾಖೆಯೂ, 1863ರಿಂದ ಭೂಮಾಪನವೂ, ಕಮಿಷನರನಾಗಿದ್ದ ಬೌರಿಂಗನ ಆಡಳಿತದಲ್ಲಿ 1866ರಿಂದ ಇನಾಂ ವಿಚಾರಣೆಯೂ ಕ್ರಮವಾಗಿ ಬಂದು, ಯಾವ ಭೂಮಿ ಯಾವ ಧರ್ಮಕ್ಕೆ ಕಟ್ಟುಬಿದ್ದಿದೆಯೆಂಬುದು ಊರವರ ನೆನಪನ್ನು ಬಿಟ್ಟು ಕಚೇರಿಯ ಕಡತವನ್ನು ಸೇರಿತು. ಮೈಸೂರಿನ ಮುಖ್ಯ ಎಂಜಿನಿಯರನಾಗಿದ್ದ ಸ್ಯಾಂಕಿಯು ಅದೇ ಕಾಲದಲ್ಲಿ ನಾಡಿನ ಕೆರೆಗಳ ಸರಣಿಯನ್ನು ನೋಡಿ, ಹೊಸದೊಂದು ಕೆರೆಗೆ ಜಾಗವನ್ನು ಹುಡುಕುವುದೇ ಕಷ್ಟವಾಗುವಷ್ಟು ಪೂರ್ಣವಾಗಿ ಇಲ್ಲಿಯ ಜನ ನೀರನ್ನು ತಡೆದಿಟ್ಟಿದ್ದಾರೆಂದು ಬೆರಗಾದನು. ಪರದೇಶದ ತಜ್ಞನ ಈ ಪ್ರಶಂಸೆಯನ್ನು ನಾವು ಹೆಮ್ಮೆಯಿಂದ ಉದಾಹರಿಸುವುದುಂಟು. ಅವನು ಬೆರಗಾಗಿ ನೋಡಿದ ಕೆರೆಗಳ ಪಾಲನೆಯ ಹೊಣೆಯು ಆಗಲೇ ಕೈ ಬದಲಾಯಿಸುತ್ತಿತ್ತು. ಊರ ಕೆರೆಯು ಸರ್ಕಾರದ ಕೆರೆಯಾಯಿತು. ಸರ್ಕಾರದ್ದಾದುದಕ್ಕೆ ಸರ್ಕಾರವೇ ಮಣ್ಣು ಹಾಕಲಿ ಎಂಬ ಮಾತು ರೈತನ ಬಾಯಲ್ಲಿ ಹುಟ್ಟಿದುದರಲ್ಲಿ ಆಶ್ಚರ್ಯವೇನಿದೆ!

ಇಂಥ ಸಂಧಿಕಾಲದಲ್ಲಿ ಬಂದುದು ಧಾತು ಈಶ್ವರ ಸಂವತ್ಸರಗಳ ಮಹಾಕ್ಷಾಮ. 1875ರಲ್ಲಿ ಮಳೆ ಕಡಮೆಯಾಗಿ, 1876ರಲ್ಲಿ ಮುಂಗಾರು ಹಿಂಗಾರುಗಳೆರಡೂ ಕೈಕೊಟ್ಟು, 1878ರ ಹೊತ್ತಿಗೆ ಅದು ನಿಲ್ಲುವಷ್ಟರಲ್ಲಿ ಮೈಸೂರು ಸಂಸ್ಥಾನವು ಅರೆಜೀವವಾಗಿತ್ತು. 1871ರ ಜನಗಣತಿಯಲ್ಲಿ ಐವತ್ತು ಲಕ್ಷವನ್ನು ಮೀರಿದ್ದ ಜನಸಂಖ್ಯೆಯು 1881ರ ಗಣತಿಯಲ್ಲಿ ನಲವತ್ತೆರಡು ಲಕ್ಷದೊಳಗೆ ಇಳಿದಿತ್ತು. ಹತ್ತು ವರ್ಷಗಳಲ್ಲಿ ಸಹಜವಾಗಿ ಏರಬೇಕಾಗಿದ್ದ ಸಂಖ್ಯೆಯನ್ನು ಬಿಟ್ಟು ನೋಡಿದರೂ ಎಂಟು ಲಕ್ಷ ಮಂದಿ ಇಲ್ಲವಾಗಿದ್ದರು. ಯಾವ ಗಾವುಂಡನ ಕಣಜವಾಗಲಿ, ಯಾವ ಸೆಟ್ಟಿಯ ಸತ್ರವಾಗಲಿ ಈ ಪ್ರಮಾಣದ ಹಸಿವೆಯ ಎದುರು ನಿಲ್ಲಬಲ್ಲುದಾಗಿರಲಿಲ್ಲ. ಪ್ರಭುತ್ವವೇ ಅನ್ನವನ್ನು ಕೊಡಬೇಕಾಯಿತು.

ಪ್ರಭುತ್ವವು ಅನ್ನವನ್ನು ಕೊಟ್ಟ ಬಗೆಯೂ ಚರಿತ್ರೆಯಲ್ಲಿ ದಾಖಲಾಗಿದೆ. ಆಗ ಮದರಾಸು ಪ್ರಾಂತಕ್ಕೆ ಸೇರಿದ್ದ ಬಳ್ಳಾರಿಯಲ್ಲಿಯೂ ಸುತ್ತಣ ಜಿಲ್ಲೆಗಳಲ್ಲಿಯೂ ಕ್ಷಾಮಪರಿಹಾರದ ಕಾಮಗಾರಿಗಳು ನಡೆಯುತ್ತಿದ್ದಾಗ, ಕಲ್ಕತ್ತೆಯ ಸರ್ಕಾರದ ಪ್ರತಿನಿಧಿಯಾಗಿ 1877ರಲ್ಲಿ ಬಂದ ಸರ್ ರಿಚರ್ಡ್ ಟೆಂಪಲ್ ವೆಚ್ಚವು ಮಿತಿಮೀರುತ್ತಿದೆಯೆಂದು ಎಣಿಸಿ, ದಿನವೆಲ್ಲ ಮಣ್ಣು ಅಗೆಯುವ ಗಂಡಾಳಿಗೆ ಒಂದು ಪೌಂಡು ಧಾನ್ಯವೂ ಅರ್ಧ ಆಣೆಯೂ ಸಾಕೆಂದು ವಿಧಿಸಿದನು. ಮದರಾಸಿನ ಆರೋಗ್ಯಾಧಿಕಾರಿಯಾಗಿದ್ದ ಡಾಕ್ಟರ್ ಕಾರ್ನಿಷ್ ಇದನ್ನು ಬಿಡದೆ ವಿರೋಧಿಸಿ, ಈ ಅಳತೆಯಿಂದ ದುಡಿಯುವ ದೇಹವು ಉಳಿಯಲಾರದೆಂದು ವಾದಿಸಿ, ಕೆಲವು ತಿಂಗಳುಗಳಲ್ಲಿ ಅಳತೆಯನ್ನು ಏರಿಸುವಂತೆ ಮಾಡಿದನು. ಒಬ್ಬ ಅಧಿಕಾರಿಯ ಲೆಕ್ಕವನ್ನು ಇನ್ನೊಬ್ಬ ಅಧಿಕಾರಿಯ ಕರುಣೆ ತಿದ್ದಿದ ಈ ಪ್ರಸಂಗವನ್ನು ಓದುವಾಗ ಕೃತಜ್ಞತೆಯೂ ಸಂತಾಪವೂ ಒಟ್ಟಿಗೆ ಉಂಟಾಗುತ್ತವೆ. ಆ ನಡುವಣ ತಿಂಗಳುಗಳಲ್ಲಿ ಬಿದ್ದವರನ್ನು ಯಾವ ತಿದ್ದುಪಡಿಯೂ ಎತ್ತಲಿಲ್ಲ.

ಆ ವರ್ಷದ ಆಗಸ್ಟಿನಲ್ಲಿ ಮದರಾಸಿನ ಗವರ್ನರನಾದ ಬಕಿಂಗ್‌ಹ್ಯಾಮಿನ ಡ್ಯೂಕನು ಇಂಗ್ಲೆಂಡಿನ ಪ್ರಜೆಗಳನ್ನು ನೆರವಿಗೆ ಕರೆಯಲು, ಲಂಡನ್ನಿನ ಲಾರ್ಡ್ ಮೇಯರನ ಆಶ್ರಯದಲ್ಲಿ ಮ್ಯಾನ್ಷನ್ ಹೌಸ್ ನಿಧಿಯು ತೆರೆಯಿತು. ಆರು ಲಕ್ಷ ಪೌಂಡಿಗೂ ಮಿಕ್ಕ ಹಣವು ಕೂಡಿತು. ರಾಜಪ್ರತಿನಿಧಿಯಾದ ಲಿಟನ್ನನಿಗೆ ಈ ವಂತಿಗೆಯು ಮೊದಲು ಹಿಡಿಸಲಿಲ್ಲ. ಪ್ರಾಣವನ್ನು ಉಳಿಸುವುದು ಸರ್ಕಾರದ ಕೆಲಸ, ಅದಕ್ಕೆ ಖಾಸಗಿ ಜನರ ಹಣವೇಕೆ ಎಂಬುದು ಆಕ್ಷೇಪ. ಕಡೆಗೆ ಹೊಣೆಯು ಇಬ್ಭಾಗವಾಯಿತು: ಉಸಿರನ್ನು ಉಳಿಸುವ ಅನ್ನವು ಸರ್ಕಾರದ್ದು, ಉಳಿದ ಉಸಿರಿಗೆ ಮತ್ತೆ ಬಾಳನ್ನು ಕೊಡುವ ಕೆಲಸ ದಾನದ್ದು. ಆ ನಿಧಿಯಿಂದ ರೈತರಿಗೆ ಉಳುವ ಎತ್ತು ಬಂದುವು, ಬಿತ್ತನೆಯ ಬೀಜ ಬಂದಿತು, ಸೌದೆಗೂ ಮೇವಿಗೂ ಕಿತ್ತುಹೋಗಿದ್ದ ಗುಡಿಸಲಿನ ಸೂರಿಗೆ ಹುಲ್ಲು ಬಂದಿತು. ಕಾಮಗಾರಿಗೆ ಹೋಗಿ ಬುಟ್ಟಿ ಹೊರಲಾರದ, ಬೇಡಲೂ ನಾಲಗೆ ಏಳದ ಮಾನವಂತರ ಮನೆಗೆ ಸದ್ದಿಲ್ಲದೆ ಸಹಾಯವು ತಲುಪಿತು. 1880ರ ಕ್ಷಾಮ ಆಯೋಗದ ವರದಿಯ ಮೇಲೆ ಕ್ಷಾಮಸಂಹಿತೆಗಳು ರಚಿತವಾದುವು. 1897ರ ಬರದಲ್ಲಿ ಧರ್ಮನಿಧಿಯೊಂದನ್ನು ಮತ್ತೆ ಕೂಡಿಸಿದಾಗ, ಅಶಕ್ತರಿಗೆ ಸರ್ಕಾರದ ಪಡಿಯನ್ನು ಮೀರಿದ ಪಥ್ಯೋಪಚಾರ, ಅನಾಥ ಮಕ್ಕಳ ಪೋಷಣೆ, ಮರ್ಯಾದಸ್ಥ ಬಡವರ ರಕ್ಷಣೆ, ರೈತರ ಪುನಃಸ್ಥಾಪನೆ ಎಂಬ ನಾಲ್ಕು ಉದ್ದೇಶಗಳನ್ನು ಅದಕ್ಕೆ ವಿಧಿಸಿದರು. ಪರಕೀಯ ಸರ್ಕಾರದ ಮೇಲೆ ಹೊರಿಸಬೇಕಾದ ಅಪರಾಧಗಳು ಬಹಳವಿದ್ದರೂ, ಹೊಣೆಯ ಈ ವಿಭಾಗವು ನ್ಯಾಯವಾದುದೆಂದು ನಾನು ಒಪ್ಪುತ್ತೇನೆ. ಅನ್ನವು ಪ್ರಜೆಯ ಹಕ್ಕು. ಅದನ್ನು ದಾನಿಯ ಮನಸ್ಸಿಗೆ ಬಿಡಲಾಗದು. ಆದರೆ ಯಾರ ಮನೆಯ ಎತ್ತು ಸತ್ತಿತು, ಯಾವ ವಿಧವೆಯು ಬಾಗಿಲು ಮುಚ್ಚಿಕೊಂಡು ಉಪವಾಸವಿದ್ದಾಳೆ ಎಂಬುದನ್ನು ಅರಿಯುವುದು ನೆರೆಯವನ ಕಣ್ಣು. ಕಚೇರಿಗೆ ಆ ಕಣ್ಣಿಲ್ಲ.

ಕ್ಷಾಮದ ಸಾಲವನ್ನು ಹೊತ್ತು 1881ರಲ್ಲಿ ಒಡೆಯರ ವಂಶಕ್ಕೆ ಮರಳಿದ ಮೈಸೂರಿನಲ್ಲಿ ಹಳೆಯ ಕಟ್ಟಿನ ಕೆಲವು ಎಳೆಗಳು ಮತ್ತೆ ಕೂಡಿಕೊಂಡುವು. ದೇವಸ್ಥಾನ, ಛತ್ರ, ಅರವಟ್ಟಿಗೆಗಳ ಮೇಲಿನ ನೋಟವು ಮುಜರಾಯಿ ಇಲಾಖೆಯಲ್ಲಿ ಉಳಿಯಿತು. ಆದರೆ ಎಲ್ಲ ಎಳೆಗಳೂ ಹಾಗೆ ಕೂಡಲಿಲ್ಲ. ಬೆಂಗಳೂರಿನ ಪೇಟೆಗೆ ಬಹುಕಾಲ ನೀರನ್ನು ಕೊಟ್ಟ ಧರ್ಮಾಂಬುಧಿ ಕೆರೆಯು, 1896ರಲ್ಲಿ ಶೇಷಾದ್ರಿ ಅಯ್ಯರ್ ಅವರ ದಿವಾನಗಿರಿಯಲ್ಲಿ ಹೆಸರಘಟ್ಟದ ನೀರು ಕೊಳವೆಯಲ್ಲಿ ಬಂದ ಮೇಲೆ, ಪೇಟೆಯ ಜನಕ್ಕೆ ಬೇಡವಾಗಿ ಬತ್ತುತ್ತ ಹೋಯಿತು. ಈಗ ಅಲ್ಲಿ ಬಸ್ಸುಗಳು ನಿಲ್ಲುತ್ತವೆ. ಸರ್ಕಾರದ ಕೊಳವೆಯು ಮೇಲುಕೇರಿ ಕೆಳಕೇರಿಗಳೆನ್ನದೆ ಹರಿಯಬಲ್ಲುದಾದುದರಿಂದ ನಾನು ಅದನ್ನು ಹಳಿಯಲಾರೆ. ಆದರೆ ನೀರು ಬಂದಿತೆಂದು ಕೆರೆಯನ್ನು ಕೈಬಿಡಬೇಕಾಗಿರಲಿಲ್ಲ.

ಆ ಕೆರೆಯಿದ್ದ ಎಡೆಗೆ ಕೂಗಳತೆಯಲ್ಲಿ, ರೈಲುನಿಲ್ದಾಣದ ಬಳಿ, ಗುಬ್ಬಿಯ ತೋಟದಪ್ಪನವರು 1897ರಲ್ಲಿ ಛತ್ರವೊಂದಕ್ಕೆ ತೊಡಗಿದರು. ವ್ಯಾಪಾರದಲ್ಲಿ ಗಳಿಸಿದ ಅವರು, ರೈಲಿನಿಂದ ಇಳಿದ ಪರಸ್ಥಳದವರು ರಾತ್ರಿ ತಂಗುವ ಎಡೆಯಿಲ್ಲದೆ ಬೀದಿಯಲ್ಲಿ ಮಲಗುವುದನ್ನು ಕಂಡವರು. ಮಕ್ಕಳಿಲ್ಲದ ಅವರು ತಮ್ಮ ಆಸ್ತಿಯನ್ನು ಛತ್ರಕ್ಕೂ ಬಡ ವಿದ್ಯಾರ್ಥಿಗಳ ನಿಲಯಕ್ಕೂ ಮೀಸಲಿಟ್ಟರು. 1903ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಛತ್ರವನ್ನು ತೆರೆದರು. ಮುಂದೆ ಅರಮನೆಯು ತೋಟದಪ್ಪನವರಿಗೆ ಧರ್ಮಪ್ರವರ್ತರೆಂಬ ಬಿರುದನ್ನು ಕೊಟ್ಟಿತು. ಬಿರುದಿಗಿಂತ ಹೆಚ್ಚಿನದಾಗಿ ನಾನು ಕಾಣುವುದು, ಆಸ್ತಿಯನ್ನು ವಾರಸುದಾರರ ಕೈಗಾಗಲಿ ಖಜಾನೆಗಾಗಲಿ ಬಿಡದೆ, ಕಾನೂನು ಕಾಯುವ ಧರ್ಮಸಂಸ್ಥೆಗೆ ಅವರು ಒಪ್ಪಿಸಿದ ದೂರದೃಷ್ಟಿಯನ್ನು. ತೋಟದಪ್ಪನವರು ತೀರಿಕೊಂಡುದು 1910ರಲ್ಲಿ. ಅವರ ಸಂಸ್ಥೆಯು ಇಂದಿಗೂ ದಾರಿಗರಿಗೆ ತಂಗಲು ಎಡೆಯನ್ನೂ ಹಳ್ಳಿಗಾಡಿನಿಂದ ಓದಲು ಬಂದ ಹುಡುಗರಿಗೆ ಅನ್ನವನ್ನೂ ಕೊಡುತ್ತಿದೆ.