ದೂರಸ್ಥರ ಸಹಗಾನ

ಗಾಯಕನ ಮುಖವನ್ನು ನೋಡಿ ಮೃದಂಗದವನು ನುಡಿಸುವನು; ಮೃದಂಗದ ನಡೆಯನ್ನು ಕೇಳಿ ಗಾಯಕನು ತನ್ನ ಸಂಗತಿಗಳನ್ನು ಬೆಳೆಸುವನು. ಈ ಪರಸ್ಪರ ಶ್ರವಣವೇ ಸಹಗಾನದ ಪ್ರಾಣ. ಒಂದೇ ವೇದಿಕೆಯಲ್ಲಿ ಕುಳಿತವರಿಗೆ ಸಹಜವಾದ ಈ ಸಂವಾದವು, ದೂರದೂರದಲ್ಲಿರುವವರು ಕೂಡಿ ಒಂದು ಧ್ವನಿಮುದ್ರಿಕೆಯನ್ನು ರಚಿಸುವಾಗ ಉಳಿಯಬಲ್ಲುದೆ? ಈ ಪ್ರಶ್ನೆಗೆ ಮುದ್ರಿತ ಸಂಗೀತದ ಇತಿಹಾಸದಲ್ಲಿ ಒಂದಕ್ಕಿಂತ ಹೆಚ್ಚು ಉತ್ತರಗಳು ದೊರೆಯುತ್ತವೆ.

ಇಟಲಿಯ ಗಾಯಕಶಿರೋಮಣಿ ಎನ್ರಿಕೊ ಕರೂಸೊ 1921ರಲ್ಲಿ ಕಾಲವಾದನು. ತುತ್ತೂರಿಯಾಕಾರದ ಕೊಳವೆಯ ಮುಂದೆ ಹಾಡಿ ಮುದ್ರಿಸುತ್ತಿದ್ದ ಕಾಲವದು. ಆತನ ಕಂಠವು ಸ್ಫುಟವಾಗಿ ಕೇಳಿಬಂದರೂ ಹಿನ್ನೆಲೆಯ ವಾದ್ಯಗಳ ನಾದವು ಕ್ಷೀಣವಾಗಿತ್ತು. 1925ರಲ್ಲಿ ವಿದ್ಯುತ್ತಿನಿಂದ ಮುದ್ರಿಸುವ ಕ್ರಮವು ರೂಢಿಗೆ ಬಂದಿತು. ತರುವಾಯ 1932ರಲ್ಲಿ ಅಮೆರಿಕೆಯ ವಿಕ್ಟರ್ ಕಂಪೆನಿಯವರು ನೆಥಾನಿಯಲ್ ಶಿಲ್ಕ್ರೆಟ್ ಎಂಬಾತನ ನೇತೃತ್ವದಲ್ಲಿ ಕರೂಸೊವಿನ ಹಳೆಯ ಗೀತಗಳಿಗೆ ಹೊಸ ವಾದ್ಯವೃಂದವನ್ನು ಕೂಡಿಸಿದರು. ಗತಿಸಿದವನು ನಿಂತಲ್ಲಿ ನಿಲ್ಲುವುದೂ ನಡೆದಲ್ಲಿ ನಡೆಯುವುದೂ ಜೀವಂತರ ಪಾಲಿಗೆ ಬಂದಿತು. ಅವರ ನಾದವನ್ನು ಕೇಳಿ ಆತನು ಒಂದು ಸ್ವರವನ್ನಾದರೂ ಬದಲಿಸುವಂತಿರಲಿಲ್ಲ.

1993ರಲ್ಲಿ ಪ್ರಕಟವಾದ 'ಡ್ಯುಯೆಟ್ಸ್' ಎಂಬ ಮುದ್ರಿಕೆಯಲ್ಲಿ ಎಲ್ಲರೂ ಬದುಕಿದ್ದವರೇ. ಆದರೂ ಫ್ರಾಂಕ್ ಸಿನಾಟ್ರ ಹಾಲಿವುಡ್ಡಿನಲ್ಲಿ ವಾದ್ಯವೃಂದದೊಡನೆ ತನ್ನ ಪಾಲನ್ನು ಹಾಡಿದನು. ಜೊತೆಯ ಗಾಯಕರ ಕಂಠವನ್ನು ಬೇರೆ ವೇಳೆಯಲ್ಲಿ, ಕೆಲವರದನ್ನು ದೂರವಾಣಿಯ ತಂತುಗಳ ಮೂಲಕ, ಪಡೆದು ಸೇರಿಸಲಾಯಿತು. ಹೆಸರು ಯುಗಳಗಾನವಾದರೂ ಕೇಳಿಸಿಕೊಂಡವರು ಒಂದು ಪಕ್ಷದವರು ಮಾತ್ರ.

ಇಬ್ಬರೂ ಏಕಕಾಲದಲ್ಲಿ ಹಾಡಬಾರದೇಕೆ ಎಂದರೆ, ದೂರದಿಂದ ಬರುವ ನಾದವು ಕೊಂಚ ತಡೆದು ತಲಪುವುದು. ಆ ವಿಳಂಬವು ಸೆಕೆಂಡಿನ ಸುಮಾರು 30ರಲ್ಲೊಂದು ಭಾಗವನ್ನು ಮೀರಿದರೆ ಲಯವು ತೊಡರತೊಡಗುವುದು. ಆದಕಾರಣ ದೂರಸ್ಥರು ಸರದಿಯಂತೆ ಹಾಡುವುದೇ ಸುಗಮವಾಯಿತು.

ಈ ಸರದಿಯಲ್ಲಿಯೇ ಸಂವಾದವನ್ನು ಕಂಡುಕೊಂಡವರು ಲಾಸ್ ಏಂಜಲೀಸಿನ ಜಿಮ್ಮಿ ಟಂಬೊರೆಲ್ಲೊ ಮತ್ತು ಸಿಯಾಟಲಿನ ಬೆನ್ ಗಿಬ್ಬರ್ಡ್. ಮೊದಲನೆಯವರು ವಾದ್ಯಭಾಗವನ್ನು ಮುದ್ರಿಸಿ ಅಂಚೆಯಲ್ಲಿ ಕಳುಹಿಸುವರು. ಎರಡನೆಯವರು ಅದನ್ನು ತಿದ್ದಿ, ಮಾತನ್ನೂ ಧಾಟಿಯನ್ನೂ ಹೊಂದಿಸಿ ಹಿಂದಿರುಗಿಸುವರು. ಹೀಗೆ ಸಿದ್ಧವಾದ 'ಗಿವ್ ಅಪ್' 2003ರಲ್ಲಿ ಹೊರಬಂದಿತು. ತಂಡಕ್ಕೆ 'ದಿ ಪೋಸ್ಟಲ್ ಸರ್ವಿಸ್' ಎಂದು ಹೆಸರಿಟ್ಟುದಕ್ಕೆ ಅಮೆರಿಕೆಯ ಅಂಚೆಯ ಇಲಾಖೆಯು ಆಕ್ಷೇಪಿಸಿತು. ಕಡೆಗೆ ಒಡಂಬಡಿಕೆಯಾಗಿ, ಆ ಮುದ್ರಿಕೆಯನ್ನು ಇಲಾಖೆಯೇ ಮಾರಿತು!

ಎರಿಕ್ ವಿಟೇಕರ್ ತಾವು ಮೌನವಾಗಿ ಕೈಯಾಡಿಸಿ ಕಾಲವನ್ನು ತೋರುವ ಚಲಚ್ಚಿತ್ರವನ್ನು ಅಂತರಜಾಲದಲ್ಲಿ ಇರಿಸಿದರು. ಅದನ್ನು ನೋಡುತ್ತ 12 ದೇಶಗಳ 185 ಮಂದಿ ತಮ್ಮ ತಮ್ಮ ಮನೆಗಳಲ್ಲಿ ಹಾಡಿದರು. ಅವುಗಳನ್ನು ಒಂದುಗೂಡಿಸಲು 2010ರಲ್ಲಿ 'ಲಕ್ಸ್ ಔರುಂಕ್ವೆ' ಎಂಬ ವೃಂದಗಾನವು ಮೂಡಿತು. ಎಲ್ಲರ ಲಯವೂ ಒಂದಾಯಿತು. ಆದರೆ ಹಾಡುವ ಸಮಯದಲ್ಲಿ ಒಬ್ಬರ ಕಂಠವು ಇನ್ನೊಬ್ಬರ ಕಿವಿಗೆ ಬೀಳಲಿಲ್ಲ.

ಹೀಗೆ ಲಯವನ್ನು ಕೂಡಿಸುವ ಉಪಾಯಗಳನ್ನು ಯಂತ್ರವು ಒದಗಿಸಿದೆ. ಪರಸ್ಪರ ಶ್ರವಣವಾದರೋ, ಕಳುಹಿಸಿದುದನ್ನು ತಿದ್ದಿ ಹಿಂದಿರುಗಿಸುವ ಅಧಿಕಾರವು ಇಬ್ಬರಿಗೂ ಇದ್ದಲ್ಲಿ ಮಾತ್ರ ಉಳಿದುಬಂದಿತು. ಅದಕ್ಕೆ ಅಂಚೆಯ ಚೀಲವೇ ಸಾಕಾಗಿದ್ದುದು ಗಮನಾರ್ಹವಾಗಿದೆ.