ಚಿತ್ರಕಂಠನ ಕೊರಳು: ಕಲ್ಲಿನ ಕುದುರೆಯಲ್ಲಿ ಕಾಣದ ಸುಳಿ ಮತ್ತು ಮಚ್ಚೆ

ಶಿವಮೊಗ್ಗದಲ್ಲಿ ಶಿವಪ್ಪ ನಾಯಕನ ಅರಮನೆ ಅಂತ ಕರೆಯುವ ಕಟ್ಟಡ ಈಗ ಸರ್ಕಾರಿ ವಸ್ತುಸಂಗ್ರಹಾಲಯ. ಅದರ ಅಂಗಳದಲ್ಲಿ ಜಿಲ್ಲೆಯ ಬೇರೆ ಬೇರೆ ಕಡೆಯಿಂದ ತಂದಿಟ್ಟ ಶಾಸನಗಳು, ವೀರಗಲ್ಲುಗಳು ಇವೆ. ಈ ಜಿಲ್ಲೆಯ ವೀರಗಲ್ಲುಗಳನ್ನು ನೋಡುವಾಗ ಸಾಮಾನ್ಯವಾಗಿ ನಮ್ಮ ಕಣ್ಣು ಮೊದಲು ಹೋಗುವುದು ವೀರನ ಕತ್ತಿಗೆ, ಆಮೇಲೆ ಅವನನ್ನು ಮೇಲಕ್ಕೆ ಒಯ್ಯುವ ಅಪ್ಸರೆಯರಿಗೆ, ಕೊನೆಗೆ ಮೇಲಿನ ಪಟ್ಟಿಕೆಯ ಲಿಂಗಕ್ಕೆ. ಕೆಳಗಿನ ಕಾಳಗದ ಪಟ್ಟಿಕೆಯಲ್ಲಿ ಕುದುರೆ ಇದ್ದರೆ "ಅಶ್ವಾರೋಹಿ ವೀರ" ಅಂತ ಒಂದು ಸಾಲು ಬರೆದು ಮುಂದೆ ಹೋಗುತ್ತೇವೆ. ಈ ಬರಹ ಆ ಕುದುರೆಯ ಬಗ್ಗೆ.

ಕಲ್ಲಿನ ಕುದುರೆಯಲ್ಲಿ ಏನೇನು ಕಾಣುತ್ತದೆ? ಕಡಿವಾಣ, ಜೀನು, ಕೊರಳ ಪಟ್ಟಿ, ಗೆಜ್ಜೆ, ಸವಾರ ದೊಡ್ಡವನಾಗಿದ್ದರೆ ಅವನ ಮೇಲೊಂದು ಛತ್ರಿ. ಅಂದ್ರೆ ಮನುಷ್ಯ ಕುದುರೆಗೆ ತೊಡಿಸಿದ್ದೆಲ್ಲ ಇದೆ. ಕುದುರೆ ಹುಟ್ಟುವಾಗಲೇ ಹೊತ್ತು ತಂದಿದ್ದು, ಹಣೆಯ ಬಿಳಿ ಬೊಟ್ಟು, ಕಾಲಿನ ಬಿಳುಪು, ಮೈಮೇಲಿನ ಸುಳಿ, ಸಾಮಾನ್ಯವಾಗಿ ಇಲ್ಲ. ಬಣ್ಣ ತೋರಿಸಲು ಕಲ್ಲಿಗೆ ಆಗುವುದಿಲ್ಲ, ಸರಿ. ಸುಳಿಯನ್ನು ಉಳಿ ಹಿಡಿದು ಗೀರಬಹುದಿತ್ತಲ್ಲ? ಭದ್ರಾವತಿಯ ಲಕ್ಷ್ಮೀನರಸಿಂಹ ದೇವಾಲಯಕ್ಕೆ ಹೋಗಿ 13ನೇ ಶತಮಾನದ ಹೊಯ್ಸಳ ಕೆತ್ತನೆ ನೋಡಿ. ಮಣಿಹಾರದ ಒಂದೊಂದು ಮಣಿಯನ್ನೂ ಬಿಡಿಸಿ ತೋರಿಸಬಲ್ಲ ಕೈಗಳು ಅವು. ಆ ಕೈಗಳಿಗೆ ಕುದುರೆಯ ಸುಳಿ ಕಷ್ಟವಾಗಿರಲಾರದು. ಶಿಲ್ಪಕ್ಕೆ ಬೇಕಾಗಿದ್ದು ಸವಾರನ ಅಂತಸ್ತು. ಅದನ್ನು ಹೇಳಲು ತೊಡುಗೆ ಸಾಕಿತ್ತು.

ಆದರೆ ಅದೇ ಕಾಲದಲ್ಲಿ ಕುದುರೆಯ ಬೆಲೆ ಕಟ್ಟುತ್ತಿದ್ದವರು ನೋಡುತ್ತಿದ್ದದ್ದು ತೊಡುಗೆ ತೆಗೆದ ಮೈಯನ್ನು. ಶಾಸನಗಳಲ್ಲಿ "ಸಾಹಣಿ" ಅನ್ನುವ ಪದ ನಿಮಗೆ ಗೊತ್ತಿದೆ. ಕುದುರೆಗಳ ಮೇಲ್ವಿಚಾರಣೆಯ ಅಧಿಕಾರಿ ಅವನು. ಅವನಿಗೆ ಬೇಕಾಗಿದ್ದ ವಿದ್ಯೆ ಅಶ್ವಲಕ್ಷಣ. ಈ ವಿದ್ಯೆಯ ಗ್ರಂಥಪರಂಪರೆ ಉದ್ದದ್ದು. 6ನೇ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಅದಕ್ಕೊಂದು ಅಧ್ಯಾಯವೇ ಇದೆ. 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ ಮಾನಸೋಲ್ಲಾಸ ಕುದುರೆಗಳ ವಿಷಯವನ್ನು ವಿಸ್ತಾರವಾಗಿ ಹೇಳುತ್ತದೆ. ಸುಮಾರು 1400ರ ಹೊತ್ತಿಗೆ ಅಭಿನವಚಂದ್ರ ಕನ್ನಡದಲ್ಲೇ ಅಶ್ವವೈದ್ಯ ಬರೆದ. 18ನೇ ಶತಮಾನದ ಆರಂಭದಲ್ಲಿ ಕೆಳದಿಯ ಬಸವಪ್ಪ ನಾಯಕ ಸಂಸ್ಕೃತದಲ್ಲಿ ರಚಿಸಿದ ಶಿವತತ್ತ್ವರತ್ನಾಕರವೂ ಕುದುರೆಯ ಲಕ್ಷಣಗಳನ್ನು ಬಿಡಲಿಲ್ಲ. ಅಂದ್ರೆ ಈ ತಿಳಿವಳಿಕೆ ನಮ್ಮ ಶಿವಮೊಗ್ಗ ಸೀಮೆಯ ಅರಮನೆಯ ಒಳಗೇ ಇತ್ತು.

ಲಕ್ಷಣಗಳಲ್ಲಿ ಮುಖ್ಯವಾದವು ಎರಡು. ಒಂದು ಬಿಳುಪು. ನಾಲ್ಕು ಕಾಲು ಮತ್ತು ಮುಖ ಬೆಳ್ಳಗಿದ್ದರೆ ಪಂಚಕಲ್ಯಾಣಿ. ಅದರ ಜೊತೆಗೆ ಎದೆ, ಕೇಸರ, ಬಾಲವೂ ಬಿಳಿಯಾದರೆ ಅಷ್ಟಮಂಗಳ. ಎರಡನೆಯದು ಸುಳಿ, ಸಂಸ್ಕೃತದಲ್ಲಿ ಆವರ್ತ. ವರಾಹಮಿಹಿರ ಹತ್ತು ಸುಳಿಗಳನ್ನು ಸ್ಥಿರವಾದವು ಅನ್ನುತ್ತಾನೆ: ಮೇಲ್ದುಟಿಯಲ್ಲಿ ಒಂದು, ಹಣೆಯ ಕೂದಲಲ್ಲಿ ಒಂದು, ತಲೆ, ಎದೆ ಮತ್ತು ಪಕ್ಕೆಯ ಎರಡು ಜಾಗಗಳಲ್ಲಿ ಎರಡೆರಡು. ಇವು ಇರಬೇಕಾದವು. ಇವುಗಳಾಚೆ ಬರುವ ಸುಳಿ ಎಲ್ಲಿದೆ ಅನ್ನುವುದರ ಮೇಲೆ ಶುಭ, ಅಶುಭ. ಕೊರಳಿನ ಸುಳಿಗೆ ದೇವಮಣಿ ಅಂತ ಹೆಸರು, ಅದು ಬಹಳ ಒಳ್ಳೆಯದು. ಮಾರವಾಡಿ ಕುದುರೆ ಸಾಕುವವರು ಇವತ್ತಿಗೂ ಅದನ್ನು "ದೇವಮನ್" ಅಂತ ಹುಡುಕುತ್ತಾರೆ, ಕಣ್ಣಿನ ಕೆಳಗಿನ ಸುಳಿಯನ್ನು ಕಂಡರೆ ಹಿಂದೆ ಸರಿಯುತ್ತಾರೆ. ನಮ್ಮ ಜಾನುವಾರು ಜಾತ್ರೆಗಳಲ್ಲಿ ಎತ್ತಿನ ಸುಳಿ ನೋಡಿ ವ್ಯಾಪಾರ ಮಾಡುವುದು ಇದೇ ಬಳ್ಳಿಯ ಇನ್ನೊಂದು ಕವಲು.

ಶುಭಾಶುಭವನ್ನು ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ಆದರೆ ಇದರಲ್ಲೊಂದು ಗಟ್ಟಿಯಾದ ಉಪಯೋಗವಿತ್ತು: ಗುರುತು. ಬಿಳಿ ಮಚ್ಚೆಯ ಜಾಗದಲ್ಲಿ ಚರ್ಮಕ್ಕೆ ಬಣ್ಣ ಕೊಡುವ ಕಣಗಳೇ ಇರುವುದಿಲ್ಲ. ಹಾಗಾಗಿ ಅಲ್ಲಿ ಕೂದಲು ಬಿಳಿ, ಕೆಳಗಿನ ಚರ್ಮ ಗುಲಾಬಿ. ಜೀನು ಉಜ್ಜಿ ಗಾಯವಾದ ಕಡೆಯೂ ಬಿಳಿ ಕೂದಲು ಬರುತ್ತದೆ, ಅದು ಹುಟ್ಟುಗುರುತಲ್ಲ. ಬೂದು ಬಣ್ಣಕ್ಕೆ ತಿರುಗುವ ಜಾತಿಯ ಕುದುರೆ ವಯಸ್ಸಾದಂತೆ ಪೂರ್ತಿ ಬೆಳ್ಳಗಾಗುತ್ತದೆ. ಮರಿಯಲ್ಲಿ ಪಂಚಕಲ್ಯಾಣಿಯಾಗಿದ್ದದ್ದು ಆಗ ದೂರದಿಂದ ಗೊತ್ತೇ ಆಗುವುದಿಲ್ಲ. ಮದರಂಗಿ ಹಚ್ಚಿದರೂ ಬಿಳುಪು ಮರೆಯಾಗುತ್ತದೆ. ಸುಳಿ ಮಾತ್ರ ಜಾಗ ಬಿಟ್ಟು ಕದಲುವುದಿಲ್ಲ, ತಾಯಿಯ ಹೊಟ್ಟೆಯಲ್ಲೇ ಕೂದಲು ತಿರುಗಿದ ದಿಕ್ಕು ಸಾಯುವ ತನಕ ಅದೇ. ಇವತ್ತು ರೇಸಿನ ಕುದುರೆಗಳ ನೋಂದಣಿ ಪತ್ರದಲ್ಲಿ ಬಿಳುಪು ಮತ್ತು ಸುಳಿ ಎರಡನ್ನೂ ಬರೆಯುವುದು ಇದೇ ಕಾರಣಕ್ಕೆ. ಮೊಘಲರ ಸೈನ್ಯದಲ್ಲಿ ಕುದುರೆಗೆ ಬರೆ ಹಾಕುವ "ದಾಗ್" ಪದ್ಧತಿಯ ಜೊತೆಗೆ "ಚೆಹ್ರಾ" ಅನ್ನುವ ವಿವರಪಟ್ಟಿ ಇಟ್ಟಿದ್ದೂ ಒಳ್ಳೆ ಕುದುರೆ ತೋರಿಸಿ ಕೆಟ್ಟದ್ದನ್ನು ಕಟ್ಟಿಹಾಕುವ ಮೋಸ ತಡೆಯಲು. ವಿಜಯನಗರದ ಅರಸ ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದ ಅಂತ ಪೋರ್ಚುಗೀಸ್ ವ್ಯಾಪಾರಿ ನುನಿಜ್ ಬರೆದಿದ್ದಾನೆ. ಭಟ್ಕಳ, ಹೊನ್ನಾವರದಂಥ ಬಂದರುಗಳಿಗೆ ಬಂದ ಅರಬ್ಬಿ ಕುದುರೆಗಳು ಘಟ್ಟ ಹತ್ತಬೇಕಿತ್ತು. ಅಷ್ಟು ದುಡ್ಡು ಕೈಬದಲಾಗುವ ಕಡೆ ಮಚ್ಚೆ ನೋಡುವ ಕಣ್ಣಿಗೆ ಬೆಲೆ ಇದ್ದೇ ಇರುತ್ತದೆ.

ಇನ್ನು ಪ್ರದರ್ಶನದ ವಿಚಾರ. 1520ರ ಸುಮಾರಿಗೆ ವಿಜಯನಗರದ ಮಹಾನವಮಿ ನೋಡಿದ ಡೊಮಿಂಗೊ ಪಾಯಸ್, ಅಲಂಕರಿಸಿದ ಕುದುರೆಗಳ ಸಾಲಿನ ಮುಂದೆ ಎರಡು ರಾಜಛತ್ರಿಗಳ ನೆರಳಲ್ಲಿ ಬರುವ ಒಂದು ಕುದುರೆಯನ್ನು ವರ್ಣಿಸುತ್ತಾನೆ. ಅರಸರು ಪಟ್ಟಕ್ಕೆ ಬರುವಾಗ ಪ್ರಮಾಣ ಮಾಡುವುದು ಆ ಕುದುರೆಯ ಮೇಲೆ, ಅದು ಸತ್ತರೆ ಆ ಜಾಗಕ್ಕೆ ಇನ್ನೊಂದು ಬರುತ್ತದೆ ಅಂತ ಹೇಳುತ್ತಾನೆ. ಮೈಸೂರು ದಸರೆಯ ಪಟ್ಟದ ಕುದುರೆ ನಮಗೆ ಗೊತ್ತಿರುವ ಅದರ ಹತ್ತಿರದ ನೆಂಟ. ಪಾಯಸ್ ಕಣ್ಣಿಗೆ ಬಿದ್ದದ್ದು ಛತ್ರಿ, ಒಡವೆ, ಬಟ್ಟೆ. ವೀರಗಲ್ಲಿನ ಶಿಲ್ಪಿ ಕೆತ್ತಿದ್ದೂ ಅದೇ. ಮೆರವಣಿಗೆ ನೋಡುವವರಿಗೆ ಕಾಣುವುದು ಅಷ್ಟೇ. ಆ ಕುದುರೆಯನ್ನು ಲಾಯದಿಂದ ಆರಿಸುವ ಕೆಲಸ ಮೆರವಣಿಗೆಗೆ ಮುಂಚೆಯೇ, ತೊಡುಗೆ ಇಲ್ಲದ ಮೈಮೇಲೆ ಮುಗಿದಿರುತ್ತದೆ.

ಹಾಗಾದರೆ ಶಾಸನಗಳಲ್ಲಿ ಹುಟ್ಟುಗುರುತಿನ ಸುಳಿವೇ ಇಲ್ಲವೇ? ಬಿರುದುಗಳಲ್ಲಿ ಹುಡುಕಿದರೆ ಸಿಗುವುದು ಹೆಚ್ಚಾಗಿ ಸವಾರನ ಹೊಗಳಿಕೆ: ತುರಗ ರೇವಂತ, ಹಯವತ್ಸರಾಜ. ಶ್ರವಣಬೆಳಗೊಳದಲ್ಲಿ 982ರಲ್ಲಿ ಸಲ್ಲೇಖನ ಕೈಗೊಂಡ ರಾಷ್ಟ್ರಕೂಟ ಇಂದ್ರರಾಜನ ಶಾಸನ ಕುದುರೆ ಮೇಲಿನ ಚೆಂಡಾಟದ ವರಸೆಗಳನ್ನು ಹೊಗಳುತ್ತದೆ. ಅಲ್ಲೂ ಜಾಣ್ಮೆ ಸವಾರನದೇ.

ಒಂದು ಕುದುರೆ ಮಾತ್ರ ಹೆಸರು ಉಳಿಸಿಕೊಂಡಿದೆ, ಅದೂ ಬಹಳ ದೊಡ್ಡ ಜಾಗದಲ್ಲಿ. 642ರಲ್ಲಿ ಪಲ್ಲವರು ಬಾದಾಮಿ ಗೆದ್ದರು, ಇಮ್ಮಡಿ ಪುಲಕೇಶಿಯ ಕಾಲ ಮುಗಿಯಿತು. ಸುಮಾರು 13 ವರ್ಷಗಳ ನಂತರ ಅವನ ಮಗ ಒಂದನೇ ವಿಕ್ರಮಾದಿತ್ಯ ರಾಜ್ಯವನ್ನು ಮತ್ತೆ ಕಟ್ಟಿದ. ಅವನ ತಾಮ್ರಪಟಗಳ ಪ್ರಶಸ್ತಿ ಈ ಗೆಲುವನ್ನು ಹೇಳುವಾಗ ಅವನ ಕತ್ತಿಯ ಜೊತೆಗೆ ಒಂದೇ ಒಂದು ಕುದುರೆಯನ್ನು ಹೆಸರಿಸಿ ಕರೆಯುತ್ತದೆ: ಚಿತ್ರಕಂಠ. ಚಿತ್ರ ಅಂದ್ರೆ ಬಗೆಬಗೆಯ ಬಣ್ಣದ್ದು, ಕಂಠ ಅಂದ್ರೆ ಕೊರಳು. ಸಂಸ್ಕೃತ ನಿಘಂಟಿನಲ್ಲಿ ಈ ಪದಕ್ಕೆ ಪಾರಿವಾಳ ಅನ್ನುವ ಅರ್ಥವೂ ಉಂಟು, ಅದೂ ಆ ಹಕ್ಕಿಯ ಕೊರಳಿನ ಬಣ್ಣದಿಂದಲೇ. ಎರಡರಲ್ಲಿ ಯಾವ ಅರ್ಥ ಹಿಡಿದರೂ ಹೆಸರು ನಿಂತಿರುವುದು ಕೊರಳಿನ ಬಣ್ಣದ ಮೇಲೆ.

ನನಗೆ ಇದು ಸಣ್ಣ ವಿಷಯ ಅನ್ನಿಸುವುದಿಲ್ಲ. ಪ್ರಶಸ್ತಿ ಬರೆಯುವವನಿಗೆ ಕುದುರೆಯನ್ನು ವೇಗದಿಂದ, ಗಾಳಿಯಿಂದ, ಗೆಲುವಿನಿಂದ ಹೊಗಳುವುದು ಸುಲಭವಿತ್ತು. ಹೆಸರಾಗಿ ಬಂದದ್ದು ಲಾಯದವರು ಬಳಸಬಹುದಾದ, ಸಾವಿರ ಕುದುರೆಗಳ ನಡುವೆ ಒಂದನ್ನು ಬೇರೆ ಮಾಡಿ ತೋರಿಸುವ ಮಾತು. ಸಾಹಣಿಯ ಕಣ್ಣು ಕಂಡದ್ದು ಅರಸನ ಪ್ರಶಸ್ತಿಯ ಒಳಗೆ ಹಾಗೇ ಉಳಿದುಬಂದಿದೆ ಅಂತ ನಾನು ಓದುತ್ತೇನೆ.

ಕ್ಷೇತ್ರಕಾರ್ಯ ಮಾಡುವ ಗೆಳೆಯರಿಗೆ ಎರಡು ಮಾತು. ವೀರಗಲ್ಲಿನ ಕುದುರೆಯ ಕಾಲು, ಹಣೆ ಬೆಳ್ಳಗೆ ಕಂಡರೆ ಪಂಚಕಲ್ಯಾಣಿ ಅಂತ ಬರೆಯುವ ಮುಂಚೆ ಹತ್ತಿರ ಹೋಗಿ ನೋಡಿ. ಅದು ಕಲ್ಲುಹೂವು, ಸುಣ್ಣ, ಇಲ್ಲವೇ ಪೂಜೆಗೆ ಬಳಿದ ವಿಭೂತಿ ಆಗಿರಬಹುದು. ತೊಡುಗೆಯ ವಿವರವನ್ನು ಮಾತ್ರ ಪೂರ್ತಿ ಬರೆದುಕೊಳ್ಳಿ, ಸವಾರನ ಅಂತಸ್ತಿಗೆ ಅದೇ ಸಾಕ್ಷಿ. ಹಾಗೆಯೇ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಶಿವಮೊಗ್ಗ ಜಿಲ್ಲೆಗೆ ಸೇರಿದ 7 ಮತ್ತು 8ನೇ ಸಂಪುಟಗಳನ್ನು ತಿರುವುವಾಗ ಕುದುರೆಗೊಂದು ಹೆಸರು ಸಿಕ್ಕರೆ ಬರೀ ಅಲಂಕಾರ ಅಂತ ದಾಟಿ ಹೋಗಬೇಡಿ. ಹೆಸರನ್ನು ಬಿಡಿಸಿ ನೋಡಿ. ಅದರೊಳಗೆ ಒಂದು ಬಿಳಿ ಕಾಲೋ, ಬಣ್ಣದ ಕೊರಳೋ ಇರಬಹುದು.