ಹವಳದ ಮನೆಯ ಏಡಿ

ಹವಳ ಎಂದೊಡನೆ ನಮ್ಮ ಕಡೆಯ ಹೆಂಗಸರಿಗೆ ನೆನಪಾಗುವುದು ಕೊರಳ ಸರ, ಇಲ್ಲವೇ ಕುಜದೋಷಕ್ಕೆಂದು ಜೋಯಿಸರು ಹೇಳಿದ ಉಂಗುರ. ಅದು ಒಂದು ಕಾಲದಲ್ಲಿ ಬದುಕಿದ್ದ ಜೀವಿಯ ಗೂಡು ಎಂದು ತರಗತಿಯಲ್ಲಿ ಹೇಳಿದರೆ ಹುಡುಗಿಯರು ಮುಖ ಸಿಂಡರಿಸುತ್ತಾರೆ. ಆಭರಣದ ಕೆಂಪು ಹವಳ ಹಿಂದಿನಿಂದಲೂ ಮೆಡಿಟರೇನಿಯನ್ ಸಮುದ್ರದಿಂದ ಬರುತ್ತಿದ್ದುದು. ನಮ್ಮ ಮುತ್ತಿಗೆ ರೋಮಿನವರು ಎಷ್ಟು ಆಸೆಪಡುತ್ತಾರೋ ಅವರ ಹವಳಕ್ಕೆ ಭಾರತದವರು ಅಷ್ಟೇ ಆಸೆಪಡುತ್ತಾರೆ ಎಂದು ಪ್ಲಿನಿ ಎಂಬ ರೋಮನ್ ಪಂಡಿತ ಒಂದನೆಯ ಶತಮಾನದಲ್ಲೇ ಬರೆದಿಟ್ಟಿದ್ದಾನೆ. ಸತ್ತ ಹವಳವನ್ನು ತೊಡುವುದಕ್ಕೆ ಇಷ್ಟು ದೀರ್ಘ ಚರಿತ್ರೆಯಿದ್ದರೆ, ಜೀವಂತ ಹವಳವನ್ನು ಮನೆಯೊಳಗೆ ಸಾಕುವ ಚರಿತ್ರೆಗೆ ಇನ್ನೂ ಇನ್ನೂರು ವರ್ಷ ತುಂಬಿಲ್ಲ. ಆ ಚಿಕ್ಕ ಚರಿತ್ರೆಯೊಳಗೆ ಏಡಿಯೂ ಒಂದು ಪಾತ್ರ.

ಕೆರೆಬಿಳಚಿಯ ನಮಗೆ ಸಮುದ್ರ ದೂರ, ಏಡಿ ಹತ್ತಿರ. ಸೂಳೆಕೆರೆ, ಈಗಿನ ಹೆಸರಿನಲ್ಲಿ ಶಾಂತಿಸಾಗರ, ನಮ್ಮ ಊರಿನ ಮಗ್ಗುಲಲ್ಲೇ ಇದೆ. ಅದರ ನಾಲೆಯ ನೀರು ಕಂಡ ಗದ್ದೆಗಳಲ್ಲೆಲ್ಲ ಏಡಿಯ ಬಿಲಗಳಿವೆ. ರಾತ್ರಿ ಕಟ್ಟಿದ ನೀರು ಬೆಳಗಾಗುವಷ್ಟರಲ್ಲಿ ಕೆಳಗಿನ ಗದ್ದೆಗೆ ಇಳಿದಿದ್ದರೆ ಮೊದಲ ಶಾಪ ಏಡಿಗೆ. ಕೊಳೆತ ಎಲೆ, ಸತ್ತ ಮೀನು, ಹುಳುಹುಪ್ಪಟೆ ತಿಂದು ಅದು ಮಾಡುವ ಚಾಕರಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹವಳದ ತೊಟ್ಟಿಯಲ್ಲೂ ಏಡಿಯ ಹಣೆಬರಹ ಇದೇ.

ಕಡಲ ಜೀವಿಗಳನ್ನು ಗಾಜಿನ ತೊಟ್ಟಿಯಲ್ಲಿಟ್ಟು ನೋಡುವ ಕ್ರಮವನ್ನು ಮೊದಲು ಮಾಡಿದವಳು ಒಬ್ಬ ದರ್ಜಿ ಹೆಣ್ಣುಮಗಳು. ಫ್ರಾನ್ಸಿನ ಹಳ್ಳಿಯಿಂದ ಪ್ಯಾರಿಸಿಗೆ ಬಂದು ಮದುವೆಯ ಉಡುಪು ಹೊಲಿಯುತ್ತಿದ್ದ ಜೀನ್ ವಿಲ್‌ಪ್ರೂ, ಮದುವೆಯಾಗಿ ಸಿಸಿಲಿ ದ್ವೀಪಕ್ಕೆ ಹೋದಳು. ಅಲ್ಲಿ 1832ರಲ್ಲಿ ಗಾಜಿನ ತೊಟ್ಟಿ ಮಾಡಿಸಿ ಕಡಲ ಪ್ರಾಣಿಗಳನ್ನು ಅಭ್ಯಾಸ ಮಾಡಿದಳು. ಹವಳದ ಸರದಿ ಬಂದದ್ದು 1846ರಲ್ಲಿ. ಲಂಡನ್ನಿನ ಆನಾ ಥಿನ್ ಎಂಬ ಗೃಹಿಣಿ ಟಾರ್ಕೀ ಎಂಬ ಕಡಲೂರಿನಿಂದ ಹವಳದ ಜೀವಿಗಳನ್ನು ಮನೆಗೆ ತಂದಳು. ದಾರಿಯಲ್ಲಿ ಕುಲುಕಿ ಹಾಳಾಗಬಾರದೆಂದು ಅವನ್ನು ಸ್ಪಂಜಿಗೆ ಸೂಜಿ ದಾರದಿಂದ ಹೊಲಿದಳಂತೆ! ಹೆಂಗಸಿಗಲ್ಲದೆ ಈ ಉಪಾಯ ಯಾರಿಗೆ ಹೊಳೆದೀತು? ಲಂಡನ್ನಿನಲ್ಲಿ ಸಮುದ್ರದ ನೀರು ಸಾಲದಾದಾಗ, ಇದ್ದ ನೀರನ್ನೇ ತೆರೆದ ಕಿಟಕಿಯ ಮುಂದೆ ಪಾತ್ರೆಯಿಂದ ಪಾತ್ರೆಗೆ ಸುರಿದು ಗಾಳಿ ಸೇರಿಸಬೇಕಿತ್ತು. ಒಂದೊಂದು ಸಲಕ್ಕೆ ಅರ್ಧ ಮುಕ್ಕಾಲು ಗಂಟೆಯ ದುಡಿಮೆ. ಅದನ್ನು ಮಾಡಿದವಳು ಮನೆಗೆಲಸದ ಹುಡುಗಿ. ಥಿನ್ ಬರೆದ ಟಿಪ್ಪಣಿ 1859ರಲ್ಲಿ ಅಚ್ಚಾಯಿತು. ಅದರಲ್ಲಿ ಹುಡುಗಿಯ ಕೆಲಸದ ಮಾತಿದೆ, ಹೆಸರಿಲ್ಲ.

ಅವಳು ಸಾಕಿದ್ದು ಒಂಟಿಯಾಗಿ ಬೆಳೆಯುವ ತಣ್ಣೀರಿನ ಹವಳ. ದಿಬ್ಬ ಕಟ್ಟುವ ಉಷ್ಣವಲಯದ ಹವಳವನ್ನು ಸಾಕುವುದು ಇನ್ನೂ ಕಷ್ಟ. ಅದರ ಮೈಯೊಳಗೆ ಸೂಕ್ಷ್ಮ ಪಾಚಿ ವಾಸಿಸುತ್ತದೆ. ಬಿಸಿಲಿನಲ್ಲಿ ಆ ಪಾಚಿ ಮಾಡಿದ ಅಡುಗೆಯೇ ಹವಳಕ್ಕೆ ಮುಖ್ಯ ಊಟ. 1961ರಲ್ಲಿ ಇಂಡೋನೇಷ್ಯಾದ ಲೀ ಚಿನ್ ಎಂಗ್ ತನ್ನ ವಿಧಾನವನ್ನು ಅಮೆರಿಕದ ಪತ್ರಿಕೆಯೊಂದರಲ್ಲಿ ಬರೆದ: ಸಮುದ್ರದ ನೀರು, ಬೆಳಕು, ಗಾಳಿಗುಳ್ಳೆ, ಜೊತೆಗೆ ದಿಬ್ಬದಿಂದಲೇ ತಂದ, ಜೀವರಾಶಿ ಅಂಟಿಕೊಂಡಿರುವ ಕಲ್ಲು. ಇಂಥ ಕಲ್ಲಿನ ಸಂದಿಯಲ್ಲಿ ಅಡಗಿ ಏಡಿಗಳೂ ತೊಟ್ಟಿಗೆ ಬಂದವು. ಕರೆಯದೆ ಬಂದ ನೆಂಟರು! ಮುಂದೆ ಜನ ತಾವಾಗಿಯೇ ದುಡ್ಡು ಕೊಟ್ಟು ಏಡಿಗಳನ್ನು ತಂದು ಬಿಡತೊಡಗಿದರು, ಬೇರೆಯವರ ಚಿಪ್ಪಿನಲ್ಲಿ ಸಂಸಾರ ಹೂಡುವ ಸಣ್ಣ ಏಡಿಗಳನ್ನು ವಿಶೇಷವಾಗಿ.

ಇವು ಮಾಡುವ ಉಪಕಾರ ಸಣ್ಣದಲ್ಲ. ಮೀನು ಬಿಟ್ಟ ಎಂಜಲು ತಳದಲ್ಲಿ ಕೊಳೆತರೆ ನೀರು ಕೆಡುತ್ತದೆ, ಬೇಡದ ಪಾಚಿ ಹಬ್ಬಿ ಹವಳದ ಉಸಿರು ಕಟ್ಟುತ್ತದೆ. ಏಡಿ ಎಂಜಲನ್ನೂ ಪಾಚಿಯನ್ನೂ ತಿನ್ನುತ್ತದೆ. ಅಪಕಾರವೂ ಉಂಟು. ಸರಿಯಾಗಿ ಕೂರಿಸದ ಹವಳವನ್ನು ಹತ್ತಿ ಉರುಳಿಸುತ್ತದೆ, ಹವಳದ ಬಾಯಿಗೆ ಹಾಕಿದ ತುತ್ತನ್ನು ಕಿತ್ತುಕೊಳ್ಳುತ್ತದೆ, ಚಿಪ್ಪಿಗಾಗಿ ಬಸವನಹುಳುವನ್ನು ಕೊಲ್ಲುತ್ತದೆ. ತೊಟ್ಟಿ ತೀರಾ ಚೊಕ್ಕಟವಾಗಿ ತಿನ್ನಲು ಏನೂ ಉಳಿಯದಿದ್ದರೆ ಕೆಲವು ಜಾತಿಯವು ಹವಳದ ಮೃದು ಮೈಗೇ ಬಾಯಿ ಹಾಕುತ್ತವೆ. ಆದರೆ ಒಂದು ಮಾತು. ಸಾಯುತ್ತಿರುವ ಹವಳದ ಮೇಲೆ ಏಡಿ ಕಂಡರೆ ಅದೇ ಕೊಂದಿತೆಂದು ತೀರ್ಪು ಕೊಡಬಾರದು. ಎಷ್ಟೋ ಸಲ ಹವಳ ಮೊದಲೇ ಸೊರಗಿರುತ್ತದೆ, ಕೊಳೆತದ್ದನ್ನು ತಿನ್ನಲು ಏಡಿ ಆಮೇಲೆ ಬಂದಿರುತ್ತದೆ. ಗುಡಿಸುವವಳ ಕೈಯಲ್ಲಿ ಒಡೆದ ಬಟ್ಟಲು ಕಂಡರೆ ಅವಳೇ ಒಡೆದಳೆನ್ನುವುದು ನಮ್ಮ ಮನೆಗಳಲ್ಲೂ ಹೊಸದಲ್ಲ.

ಸಮುದ್ರದಲ್ಲಿ ನಡೆದ ಪರೀಕ್ಷೆಗಳು ಏಡಿಯ ಪರವಾಗಿ ಗಟ್ಟಿ ಸಾಕ್ಷಿ ಹೇಳಿವೆ. ಕೆಲವು ಪುಟ್ಟ ಏಡಿಗಳು ಹವಳದ ಕೊಂಬೆಗಳ ನಡುವೆಯೇ ಮನೆ ಮಾಡಿಕೊಂಡು, ಹವಳ ತಿನ್ನಲು ಬರುವ ಮುಳ್ಳಿನ ನಕ್ಷತ್ರಮೀನನ್ನು ಚಿವುಟಿ ಓಡಿಸುತ್ತವೆ ಎಂದು ಪೀಟರ್ ಗ್ಲಿನ್ ಎಂಬ ವಿಜ್ಞಾನಿ 1970ರ ದಶಕದಲ್ಲಿ ಪನಾಮದ ತೀರದಲ್ಲಿ ತೋರಿಸಿಕೊಟ್ಟರು. ತಾಹಿತಿಯ ಪಕ್ಕದ ಮೊರಿಯಾ ದ್ವೀಪದಲ್ಲಿ ಇಂಥ ಏಡಿಗಳನ್ನು ಹವಳದಿಂದ ತೆಗೆದು ನೋಡಿದರು. ಮೇಲೆ ಬೀಳುವ ಮಣ್ಣನ್ನು ಜಾಡಿಸುವವರಿಲ್ಲದೆ ಬಹಳಷ್ಟು ಹವಳಗಳು ತಿಂಗಳೊಳಗೇ ಸತ್ತವು. ಆ ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ಅಮೆರಿಕದ ಫ್ಲಾರಿಡಾದಲ್ಲಿ ಪಾಚಿ ಮುತ್ತಿದ ದಿಬ್ಬಗಳಿಗೆ ಪಾಚಿ ಮೇಯುವ ದೊಡ್ಡ ಏಡಿಗಳನ್ನು ಬಿಟ್ಟಾಗ ಪಾಚಿ ಇಳಿದು ಎಳೆಯ ಹವಳಗಳ ಸಂಖ್ಯೆ ಹಲವು ಪಟ್ಟು ಏರಿತೆಂದು 2021ರಲ್ಲಿ ವರದಿಯಾಯಿತು. ಹಾಗೆಂದು ಯಾವ ಏಡಿಯಾದರೂ ಆದೀತು ಎಂದಲ್ಲ. ಯಾವ ಜಾತಿ, ಎಷ್ಟು ಸಂಖ್ಯೆ, ಅದಕ್ಕೆ ಹೊಟ್ಟೆಗೆ ಏನಿದೆ ಎಂಬುದರ ಮೇಲೆ ಉಪಕಾರ ಅಪಕಾರ ನಿಂತಿದೆ.

ನಮ್ಮ ರಾಜ್ಯಕ್ಕೂ ಹವಳ ಹೊರಗಿನದಲ್ಲ. ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ಜೀವಂತ ಹವಳಗಳಿವೆ. ದಿಬ್ಬ ಕಟ್ಟುವ ಹವಳಗಳನ್ನು 2001ರಲ್ಲಿ ವನ್ಯಜೀವಿ ಕಾಯಿದೆಯ ಒಂದನೆಯ ಪಟ್ಟಿಗೆ, ಅಂದರೆ ಹುಲಿಯ ಸಾಲಿಗೆ, ಸೇರಿಸಲಾಯಿತು. ಕಿತ್ತು ತರುವುದು, ಮಾರುವುದು ಅಪರಾಧ. ಹವಳಕ್ಕೆ ಈಗಿರುವ ದೊಡ್ಡ ಶತ್ರು ಬಿಸಿಯೇರುತ್ತಿರುವ ಸಮುದ್ರ. ಬಿಸಿಗೆ ತನ್ನೊಳಗಿನ ಪಾಚಿಯನ್ನು ಕಳೆದುಕೊಂಡು ಹವಳ ಬೆಳ್ಳಗಾಗುತ್ತದೆ. ಇದು ಜಗತ್ತಿನಾದ್ಯಂತ ನಾಲ್ಕನೆಯ ಸಲ ನಡೆಯುತ್ತಿದೆಯೆಂದು 2024ರ ಏಪ್ರಿಲ್‌ನಲ್ಲಿ ಘೋಷಿಸಿದರು. ಲಕ್ಷದ್ವೀಪದ ಹವಳಗಳೂ ಆ ವರ್ಷ ಬಿಳಿಚಿಕೊಂಡವು. ಸತ್ತ ದಿಬ್ಬದ ಮೇಲೆ ಏಡಿ ಓಡಾಡುವ ಚಿತ್ರವನ್ನು ನೀವು ಟೀವಿಯಲ್ಲಿ ಕಂಡರೆ, ಅದು ಕೊಲೆಗಾರನ ಚಿತ್ರವೆಂದು ಮಕ್ಕಳಿಗೆ ಹೇಳಬೇಡಿ. ನೀರನ್ನು ಬಿಸಿ ಮಾಡಿದವರು ಯಾರೆಂದು ಕೇಳುವುದನ್ನು ಕಲಿಸಿ.